ಬಾಸೆಲ್‌ನ ಕಾಸು, ನಮ್ಮೂರಿನ ಸಭೆ

1855ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಪಟ್ಟಣದಲ್ಲಿ ಕಾರ್ಲ್ ಸರಾಸಿನ್ ಎಂಬವರು ಒಂದು ಹೊಸ ಕಾಣಿಕೆಯ ಪದ್ಧತಿ ಶುರು ಮಾಡಿದರು. ದೊಡ್ಡ ದಾನಿಗಳನ್ನೇ ನಂಬಿ ಕೂತರೆ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಕೆಲಸ ನಡೆಯುವಂತಿರಲಿಲ್ಲ. ಹಾಗಾಗಿ ಅವರು ಸಾಮಾನ್ಯ ಜನರನ್ನು ಕೇಳಿದರು. ಒಬ್ಬೊಬ್ಬರಿಂದ ವಾರಕ್ಕೆ ಅರ್ಧ ಬಾಟ್ಸೆನ್. ಅದು ಆ ಕಾಲದ ತೀರಾ ಸಣ್ಣ ಕಾಸು, ಹೆಚ್ಚುಕಮ್ಮಿ ಐದು ಸೆಂಟೀಮ್. ಹಳ್ಳಿ ಹಳ್ಳಿಯಲ್ಲಿ ಮನೆಗಳಿಗೆ ಹೋಗಿ ಅದನ್ನು ಕೂಡಿಸುವವರಿದ್ದರು. ಕೊಟ್ಟವರಲ್ಲಿ ರೈತರಿದ್ದರು, ನೇಕಾರರಿದ್ದರು, ಮನೆಗೆಲಸದ ಹೆಂಗಸರಿದ್ದರು. ಸ್ವಿಟ್ಜರ್‌ಲ್ಯಾಂಡಿನವರು ಎಷ್ಟೋ, ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಕಡೆಯವರೂ ಅಷ್ಟೇ. ಅವರಲ್ಲಿ ಹೆಚ್ಚಿನವರು ಹುಟ್ಟಿದ ಜಿಲ್ಲೆ ಬಿಟ್ಟು ಹೊರಗೆ ಹೋದವರೇ ಅಲ್ಲ.

ಈ ವಿಷಯ ನನಗೆ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ನಾವು ಉಡುಪಿ ಕಡೆಯವರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಗೆ ಸೇರಿ ಎಷ್ಟೋ ವರ್ಷ ಕಳೆದರೂ ಊರಿನ ಹಿರಿಯರು ನಮ್ಮನ್ನು ಈಗಲೂ 'ಬಾಸೆಲ್ ಮಿಶನಿನವರು' ಎಂದೇ ಗುರುತು ಹಿಡಿಯುತ್ತಾರೆ. ಚಿಕ್ಕಂದಿನಲ್ಲಿ ಬಾಸೆಲ್ ಅಂದರೆ ನಮ್ಮ ತಲೆಯಲ್ಲಿ ಬಹಳ ಶ್ರೀಮಂತರ ಊರು. ಶಾಲೆ ಕಟ್ಟಿಸಿದ್ದು ಅವರು, ಆಸ್ಪತ್ರೆ ಕಟ್ಟಿಸಿದ್ದು ಅವರು, ಹಾಸ್ಟೆಲ್ಲಿನ ಮಕ್ಕಳಿಗೆ ಊಟ ಹಾಕುವುದೂ ಅವರು. ಇರುವವರು ಕೊಡುತ್ತಾರೆ, ಇಲ್ಲದವರು ತಗೊಳ್ಳುತ್ತಾರೆ, ಅಷ್ಟೇ ಅಂದುಕೊಂಡಿದ್ದೆವು.

ಅರ್ಧ ಬಾಟ್ಸೆನ್ನಿನ ಕಥೆ ತಿಳಿದ ಮೇಲೆ ಆ ಚಿತ್ರ ಬದಲಾಯಿತು. ಕೊಟ್ಟವರೂ ಬಡವರೇ. ಹಾಗಿದ್ದರೆ ತಗೊಂಡ ನಾವು ಯಾಕೆ ಕೊಡುವುದನ್ನು ಕಲಿಯಲಿಲ್ಲ? ಹಲವು ವರ್ಷಗಳಿಂದ ಇದು ನನ್ನನ್ನು ಕಾಡುತ್ತಿದೆ. ನಮ್ಮ ಸಭೆಗೂ, ಅಂದರೆ ನಮ್ಮ ಚರ್ಚಿನ ಜನಕ್ಕೂ, ಜರ್ಮನಿಯ ಒಂದು ಹಳ್ಳಿಯ ಸಭೆಗೂ ಹಳೆಯ ನಂಟಿದೆ. ಆ ನಂಟನ್ನು ಹತ್ತಿರದಿಂದ ನೋಡಿದವನಾಗಿ ಒಂದಿಷ್ಟು ಬರೆಯಬೇಕು ಅನ್ನಿಸಿತು.

ಹಳೆಯ ಚರಿತ್ರೆ ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಬಲ್ಮಠದಲ್ಲಿ ಅಚ್ಚುಕೂಟ ಬಂತು. 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು. ಇದನ್ನೆಲ್ಲ ಶಾಲೆಯ ಪಾಠದಲ್ಲೇ ಓದಿದ್ದೇವೆ ಅಲ್ವಾ. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಕಾರ್ಖಾನೆಗಳ ಕಥೆ.

ಆ ಕಾಲದಲ್ಲಿ ಕ್ರೈಸ್ತರಾದವರಿಗೆ ಮೊದಲು ಹೋಗುತ್ತಿದ್ದದ್ದು ಹೊಟ್ಟೆಪಾಡು. ಕೆಲಸ ಜಾತಿಗೆ ಅಂಟಿಕೊಂಡಿತ್ತು. ಜಾತಿ ಬಿಟ್ಟವನಿಗೆ ಗೇಣಿಯ ಜಮೀನೂ ಉಳಿಯುವುದು ಕಷ್ಟ, ಕುಲಕಸುಬೂ ಕಷ್ಟ. ಇಂಥವರನ್ನು ಮಿಶನ್ ಸುಮ್ನೆ ಕೂರಿಸಿ ಎಷ್ಟು ದಿನ ಊಟ ಹಾಕಲು ಸಾಧ್ಯ? ಹಾಗೆ ನೇಯ್ಗೆ ಬಂತು, ಅಚ್ಚಿನ ಕೆಲಸ ಬಂತು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಅವರು ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿಯ ದಡದ ಜೇಡಿಮಣ್ಣು, ಯುರೋಪಿನಿಂದ ಬಂದ ತಂತ್ರ, ನಮ್ಮ ಜನರ ಕೈಕೆಲಸ. ಮಂಗಳೂರು ಹಂಚು ಆಮೇಲೆ ಸಮುದ್ರ ದಾಟಿ ಎಲ್ಲೆಲ್ಲೋ ಹೋಯಿತು. ಈ ಕಾರ್ಖಾನೆಗಳಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಕೆಲಸವೂ ಮಿಶನ್‌ನದ್ದು, ಮನೆಯೂ ಮಿಶನ್‌ನದ್ದು, ಚರ್ಚೂ ಮಿಶನ್‌ನದ್ದು ಆದಾಗ ಒಬ್ಬ ಕೆಲಸಗಾರ ಎದುರು ಮಾತಾಡುವುದು ಸುಲಭವಿರಲಿಲ್ಲ. ಆದರೂ ಕೂಲಿ ಅನ್ನೋದು ದಾನ ಅಲ್ಲ. ಸಂಬಳ ತಂದವನು ಭಾನುವಾರ ಕಾಣಿಕೆ ಪೆಟ್ಟಿಗೆಗೆ ತನ್ನದೇ ಕಾಸು ಹಾಕುತ್ತಿದ್ದ.

1914ರಲ್ಲಿ ಯುದ್ಧ ಬಂತು. ಮಿಶನರಿಗಳಲ್ಲಿ ಹಲವರು ಜರ್ಮನರು, ಅಂದರೆ ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲಿ ಶತ್ರುಗಳು. ಅವರನ್ನು ಹಿಡಿದು ಶಿಬಿರಗಳಲ್ಲಿ ಇಟ್ಟರು, ಆಮೇಲೆ ವಾಪಸ್ ಕಳಿಸಿದರು. ಕಾರ್ಖಾನೆಗಳು ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಹಣ ಬರುವ ದಾರಿಯೂ ನಿಂತಿತು, ಬಿಳಿಯ ಪಾದ್ರಿಗಳೂ ಇಲ್ಲ. ಆದರೂ ಭಾನುವಾರದ ಆರಾಧನೆ ನಿಲ್ಲಲಿಲ್ಲ. ನಮ್ಮವರೇ ಆದ ಸಭಾಪಾಲಕರು, ಉಪದೇಶಿಗಳು, ಶಾಲೆಯ ಮಾಸ್ತರರು ಸಭೆಗಳನ್ನು ನಡೆಸಿದರು. ನಮ್ಮ ಚರ್ಚಿನ ಗೋಡೆಗಳಲ್ಲಿ ಮಿಶನರಿಗಳ ನೆನಪಿಗೆ ಕಲ್ಲುಗಳಿವೆ. ಆ ವರ್ಷಗಳಲ್ಲಿ ಸಂಬಳ ಸರಿಯಾಗಿ ಬಾರದಿದ್ದರೂ ಊರೂರು ನಡೆದವರ ಹೆಸರಿನ ಕಲ್ಲುಗಳು ಬಹಳ ಕಡಿಮೆ. ನನಗೆ ಅದು ನೋವಿನ ವಿಷಯ.

ಉಡುಪಿಯವರಿಗೆ ಮಿಶನ್ ಆಸ್ಪತ್ರೆ ಗೊತ್ತಿಲ್ಲದೆ ಇರುವುದಿಲ್ಲ. 1923ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ಅದನ್ನು ಆರಂಭಿಸಿದರು. ಹೆರಿಗೆಯಲ್ಲಿ ಹೆಂಗಸರು ಸಾಯುವುದು ಮಾಮೂಲಾಗಿದ್ದ ಕಾಲ ಅದು. ಗಂಡು ಡಾಕ್ಟರ ಹತ್ತಿರ ಹೋಗಲು ಒಪ್ಪದ ಹೆಂಗಸರು ಈ ಹೆಣ್ಣು ಡಾಕ್ಟರ ಹತ್ತಿರ ಬಂದರು. ಈಗ ಅದರ ಹೆಸರು ಸಿಎಸ್‌ಐ ಲೊಂಬಾರ್ಡ್ ಮೆಮೋರಿಯಲ್ ಆಸ್ಪತ್ರೆ. ನೂರು ವರ್ಷ ದಾಟಿದೆ. ನಡೆಸುವವರು ಇಲ್ಲಿನವರು, ಬರುವವರು ಎಲ್ಲ ಜಾತಿ ಮತದವರು. ಹೊರಗಿನಿಂದ ಬಂದ ಸಹಾಯಕ್ಕೆ ಇದಕ್ಕಿಂತ ಒಳ್ಳೆಯ ಮುಂದುವರಿಕೆ ನನಗೆ ಬೇರೆ ತೋರುವುದಿಲ್ಲ. ಕೊಟ್ಟವರು ಹೋದರು, ಕೆಲಸ ಉಳಿಯಿತು, ಅದು ಊರಿನದಾಯಿತು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಕರಾವಳಿಯ ಬಾಸೆಲ್ ಮಿಶನ್ ಸಭೆಗಳು ಅದರೊಳಗೆ ಬಂದವು. ಅಲ್ಲಿಂದ ಕಾಗದದ ಮೇಲೆ ಯಜಮಾನರು ಯಾರೂ ಇಲ್ಲ, ಎರಡೂ ಕಡೆ ಸಭೆಗಳೇ. 1972ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಇಎಂಎಸ್ ಎಂಬ ಒಕ್ಕೂಟ ಆಯಿತು. ಇವತ್ತು ಅದರಲ್ಲಿ ಜರ್ಮನಿಯ ಸಭೆಗಳ ಜೊತೆ ಸಿಎಸ್‌ಐ ಇದೆ, ಘಾನಾ, ಇಂಡೋನೇಷ್ಯಾ, ಕೊರಿಯಾ, ಜಪಾನಿನ ಸಭೆಗಳೂ ಇವೆ. ಬಾಸೆಲ್ ಮಿಶನ್ನಿನ ಕೆಲಸವನ್ನು 2001ರಿಂದ ಮಿಶನ್ 21 ಎಂಬ ಸಂಸ್ಥೆ ಮುಂದುವರಿಸುತ್ತಿದೆ. ಇವುಗಳ ಮೀಟಿಂಗ್‌ಗಳಲ್ಲಿ ಎಲ್ಲರಿಗೂ ಸಮಾನ ಕುರ್ಚಿ. ಆದರೆ ಹಣ ಮಾತ್ರ ಹರಿದದ್ದು ಅಲ್ಲಿಂದ ಇಲ್ಲಿಗೆ.

ಅದರಲ್ಲೂ ಹಾಸ್ಟೆಲ್‌ಗಳಿಗೆ. ನಮ್ಮ ಕಡೆ ಬೋರ್ಡಿಂಗ್ ಎನ್ನುತ್ತಾರೆ. ಜರ್ಮನಿಯಲ್ಲಿ 1959ರಲ್ಲಿ ಕಿಂಡರ್‌ನೋಟ್‌ಹಿಲ್ಫೆ ಎಂಬ ಸಂಸ್ಥೆ ಶುರುವಾಗಿದ್ದೇ ಭಾರತದ ಮಕ್ಕಳಿಗೆ ಸಹಾಯ ಮಾಡಲು. ಅಲ್ಲಿನ ಒಂದು ಮನೆ, ಇಲ್ಲಿನ ಒಂದು ಮಗು. ತಿಂಗಳು ತಿಂಗಳು ಹಣ. ಇಂಥ ಏರ್ಪಾಟುಗಳಿಂದ ದಕ್ಷಿಣ ಭಾರತದಲ್ಲಿ ಎಷ್ಟೋ ಮಕ್ಕಳು ಓದಿದರು. ನನ್ನ ಅಮ್ಮನೂ ಬೋರ್ಡಿಂಗ್‌ನಲ್ಲೇ ಓದಿದವರು. ಅಜ್ಜ ಬೇಗ ತೀರಿಕೊಂಡಿದ್ದರು. ಬೀಡಿ ಕಟ್ಟುವ ಅಜ್ಜಿಗೆ ಮಕ್ಕಳನ್ನು ಓದಿಸುವ ಶಕ್ತಿ ಇರಲಿಲ್ಲ. ಬೋರ್ಡಿಂಗ್ ಇಲ್ಲದಿದ್ದರೆ ಅಮ್ಮ ಟೀಚರ್ ಆಗುತ್ತಿರಲಿಲ್ಲ, ನಾನು ಇದನ್ನು ಬರೆಯುತ್ತಲೂ ಇರುತ್ತಿರಲಿಲ್ಲ. ಈ ಋಣವನ್ನು ನಾನು ಎಂದೂ ಮರೆಯುವವನಲ್ಲ.

ಆದರೆ ಅಮ್ಮ ಇನ್ನೊಂದು ವಿಷಯ ಹೇಳುತ್ತಿದ್ದರು. ಕ್ರಿಸ್‌ಮಸ್ ಹತ್ತಿರ ಬಂದಾಗ ಮಕ್ಕಳೆಲ್ಲ ಸಾಲಾಗಿ ಕೂತು ವಿದೇಶಕ್ಕೆ ಪತ್ರ ಬರೆಯಬೇಕಿತ್ತು. ಏನು ಬರೆಯಬೇಕು ಎಂಬುದು ಕಪ್ಪು ಹಲಗೆಯ ಮೇಲೆ ಇರುತ್ತಿತ್ತು. ನಾನು ಕ್ಷೇಮ. ನಿಮ್ಮ ದಯೆಯಿಂದ ಚೆನ್ನಾಗಿ ಓದುತ್ತಿದ್ದೇನೆ. ನಿಮಗಾಗಿ ಪ್ರಾರ್ಥಿಸುತ್ತೇನೆ. ಎಲ್ಲರದ್ದೂ ಒಂದೇ ಪತ್ರ, ಕೆಳಗೆ ಹೆಸರು ಮಾತ್ರ ಬೇರೆ. ಅಮ್ಮನಿಗೆ ಬರೆಯಬೇಕು ಎಂದು ಅನ್ನಿಸುತ್ತಿದ್ದದ್ದೇ ಬೇರೆ. ಮನೆಯ ಹಸು ಕರು ಹಾಕಿದ್ದು, ಮಳೆಗಾಲದಲ್ಲಿ ಹೊಳೆ ಉಕ್ಕಿ ಗದ್ದೆಗೆ ನುಗ್ಗಿದ್ದು, ತಮ್ಮನನ್ನು ನೋಡಬೇಕು ಅನ್ನಿಸುವುದು. ಒಂದು ಸಲ ಹಸುವಿನ ವಿಷಯ ಬರೆದಿದ್ದಕ್ಕೆ ಮತ್ತೆ ಹೊಸ ಹಾಳೆ ಕೊಟ್ಟು ಬರೆಸಿದರಂತೆ.

ಅದರಲ್ಲಿ ಯಾರ ಕೆಟ್ಟತನವೂ ಇರಲಿಲ್ಲ. ನೂರು ಮಕ್ಕಳ ಪತ್ರಗಳನ್ನು ಇಂಗ್ಲಿಷಿಗೆ ಮಾಡಿ ಕಳಿಸಬೇಕಾದ ವಾರ್ಡನ್‌ಗೆ ಬೇರೆ ದಾರಿ ಕಾಣಲಿಲ್ಲ. ಆದರೆ ಎಂಟು ವರ್ಷದ ಮಗುವಿಗೆ ಅದರಿಂದ ಸಿಕ್ಕಿದ ಪಾಠ ಏನು? ನಿನ್ನ ಕೆಲಸ ಥ್ಯಾಂಕ್ಸ್ ಹೇಳುವುದು, ಅಷ್ಟೇ. ಅಮ್ಮನ ಓದಿಗೆ ಹಣ ಕಳಿಸುತ್ತಿದ್ದ ಆ ಕಡೆಯ ಹೆಂಗಸು ಏನು ಕೆಲಸ ಮಾಡುತ್ತಾರೆ, ಅವರಿಗೆ ಮಕ್ಕಳಿದ್ದಾರಾ, ಅವರ ಊರಿನಲ್ಲಿ ಚಳಿ ಹೇಗಿರುತ್ತದೆ, ಇದನ್ನೆಲ್ಲ ಕೇಳಲು ಹಲಗೆಯ ಮೇಲೆ ಒಂದು ಸಾಲೂ ಇರಲಿಲ್ಲ. ಅವರು ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದರು, ಒಂಟಿಯಾಗಿದ್ದರು ಎಂದು ಅಮ್ಮನಿಗೆ ಗೊತ್ತಾಗಿದ್ದು ಅವರು ತೀರಿಕೊಂಡ ಮೇಲೆ. ಬೆಳಗಿನ ಜಾವ ಎದ್ದು ರೊಟ್ಟಿ ಸುಡುವ ಕೆಲಸ. ಅವರ ಸಂಬಳದಿಂದಲೇ ತನ್ನ ಪುಸ್ತಕ ಬಂದದ್ದು ಎಂದು ತಿಳಿದ ದಿನ ಅಮ್ಮ ಬಹಳ ಅತ್ತರು. ಮೊದಲೇ ಗೊತ್ತಿದ್ದರೆ ಹಸುವಿನ ಕಥೆಯನ್ನು ಹೇಗಾದರೂ ಮಾಡಿ ಬರೆಯುತ್ತಿದ್ದೆ ಎಂದರು.

ಅಂಥ ಸಂಸ್ಥೆಗಳೂ ಈಗ ಬದಲಾಗಿವೆ. ಒಂದೊಂದೇ ಮಗುವನ್ನು ಮನೆಯಿಂದ ಹೊರಗೆ ತಂದು ಬೋರ್ಡಿಂಗ್‌ನಲ್ಲಿ ಇಡುವ ಬದಲು ಮಗುವಿನ ಮನೆ, ಕೇರಿ, ಊರಿಗೇ ಸಹಾಯ ಮಾಡುವ ಕಡೆ ಹೊರಳಿವೆ. ಜರ್ಮನಿಯಿಂದ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು ಒಂದು ವರ್ಷದ ಮಟ್ಟಿಗೆ ಬಂದು ಇಲ್ಲಿನ ಮಕ್ಕಳ ಜೊತೆ ಇರುತ್ತಾರೆ. ಇಲ್ಲಿನ ಕೆಲವು ಯುವಕರೂ ಹಾಗೆಯೇ ಅಲ್ಲಿಗೆ ಹೋಗುತ್ತಿದ್ದಾರೆ. ನಾನು ನೋಡಿದ ಮಟ್ಟಿಗೆ ದೊಡ್ಡ ಚೆಕ್‌ಗಿಂತ ಈ ಹೋಗಿಬರುವಿಕೆಯೇ ಹೆಚ್ಚು ಕೆಲಸ ಮಾಡಿದೆ. ಬಂದ ಹುಡುಗಿ ಮೊದಲ ವಾರ ಗಂಜಿ ಊಟ ನೋಡಿ ಕಂಗಾಲಾಗುತ್ತಾಳೆ. ವರ್ಷದ ಕೊನೆಗೆ ಉಪ್ಪಿನಕಾಯಿಗೆ ಜಗಳ ಆಡುತ್ತಾಳೆ.

ಕೆಲವು ವರ್ಷಗಳ ಹಿಂದೆ ನಮ್ಮ ನಂಟಿನ ಸಭೆಯಿಂದ ಒಂದು ತಂಡ ಬಂದಿತ್ತು. ಹಾರ, ಆರತಿ ತಟ್ಟೆ, ಮಕ್ಕಳ ಹಾಡು, ಸಭಾಪಾಲಕರ ಸ್ವಾಗತ ಭಾಷಣ, ಎಲ್ಲ ಮುಗಿಯಿತು. ಆಮೇಲೆ ನಮ್ಮ ವಿಮೆನ್ಸ್ ಫೆಲೋಶಿಪ್‌ನ, ಅಂದರೆ ಸಭೆಯ ಹೆಂಗಸರ ಕೂಟದ, ಒಬ್ಬ ಅಕ್ಕ ಎದ್ದು ನಿಂತರು. ಮೀನು ಮಾರುಕಟ್ಟೆಯ ಹತ್ತಿರ ಸಣ್ಣ ಅಂಗಡಿ ಇಟ್ಟವರು ಅವರು. "ನಿಮ್ಮ ಸಂಡೇ ಸ್ಕೂಲಿಗೆ ಮಕ್ಕಳು ಎಷ್ಟು ಜನ ಬರ್ತಾರೆ?" ಎಂದು ಕೇಳಿದರು. ಭಾಷಾಂತರ ಮಾಡುತ್ತಿದ್ದವರು ಒಂದು ಕ್ಷಣ ತಡವರಿಸಿದರು. ಬಂದವರಲ್ಲಿ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು, "ಕೆಲವು ವಾರ ನಾಲ್ಕು, ಕೆಲವು ವಾರ ಯಾರೂ ಇಲ್ಲ." ತಮ್ಮ ಚರ್ಚಿನ ಕಟ್ಟಡವನ್ನು ಪಕ್ಕದ ಊರಿನವರ ಜೊತೆ ಹಂಚಿಕೊಳ್ಳುವ ಯೋಚನೆ ಇದೆ ಎಂದರು. ಒಬ್ಬಂಟಿ ಮುದುಕರು ಜಾಸ್ತಿ ಆಗಿದ್ದಾರೆ ಎಂದರು. ಅಕ್ಕ ಕೂತುಕೊಳ್ಳಲಿಲ್ಲ. "ಹಾಗಾದ್ರೆ ನಾವು ನಿಮಗೆ ಏನು ಮಾಡ್ಬೇಕು ಹೇಳಿ" ಎಂದರು.

ನಮ್ಮ ಸಭೆಯಲ್ಲಿ ಆ ಪ್ರಶ್ನೆಯನ್ನು ಬಂದವರಿಗೆ ಯಾರೂ ಕೇಳಿದ್ದು ನಾನು ಅದುವರೆಗೆ ಕೇಳಿರಲಿಲ್ಲ. ಬಂದವರ ಮುಖ ನೋಡಬೇಕಿತ್ತು. ಅಷ್ಟು ಹೊತ್ತು ಅತಿಥಿಗಳಂತೆ ಬಿಗಿಯಾಗಿ ಕೂತಿದ್ದವರು ಅಲ್ಲಿಂದ ಮುಂದೆ ಮನೆಯವರಂತೆ ಮಾತಾಡಿದರು. ಮಗ ಚರ್ಚಿಗೆ ಬರುವುದನ್ನು ಬಿಟ್ಟದ್ದು, ಹೆಂಡತಿ ಸತ್ತ ಮೇಲೆ ಮನೆಯಲ್ಲಿ ಮಾತಾಡಲು ಜನ ಇಲ್ಲದ್ದು, ಎಲ್ಲ ಬಂತು.

2020ರಲ್ಲಿ ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಕೋವಿಡ್ ಬಂದು ಹಾಸ್ಟೆಲ್‌ಗಳು ಖಾಲಿಯಾದವು. ಅದೇ ವರ್ಷ ವಿದೇಶಿ ದೇಣಿಗೆಯ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಬಿಗಿಯಾಯಿತು. ಹೊರದೇಶದ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬಂದ ಹಣವನ್ನು ಒಂದು ಸಂಸ್ಥೆ ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತದ ಖರ್ಚಿಗೆ ಮೊದಲು ಶೇ. 50ರವರೆಗೆ ಬಳಸಬಹುದಿತ್ತು, ಈಗ ಶೇ. 20 ಮಾತ್ರ. ಮೇಲಿನ ಕಚೇರಿಗೆ ಬಂದು ಅಲ್ಲಿಂದ ಕೆಳಗಿನ ಸಣ್ಣ ಸಣ್ಣ ಸಂಸ್ಥೆಗಳಿಗೆ ಇಳಿಯುತ್ತಿದ್ದ ಹಣಕ್ಕೆ ಇದು ದೊಡ್ಡ ತಡೆ. ವಾರ್ಡನ್, ಅಡುಗೆಯವರ ಸಂಬಳ ಯಾವ ಲೆಕ್ಕಕ್ಕೆ ಸೇರಿಸುವುದು ಎಂಬ ಚರ್ಚೆಯಲ್ಲೇ ಕಮಿಟಿ ಮೀಟಿಂಗ್‌ಗಳು ಮುಗಿದವು.

ವಿದೇಶಿ ಹಣ ಎಂದ ಕೂಡಲೇ ನಮ್ಮ ನೆರೆಯವರಲ್ಲಿ ಕೆಲವರಿಗೆ ಅನುಮಾನ ಬರುತ್ತದೆ. ಅದು ಮತಾಂತರಕ್ಕೆ ಹೋಗುವ ಹಣ ಎಂಬ ಮಾತು ನಮ್ಮ ಕಿವಿಗೂ ಬೀಳುತ್ತದೆ. ನಮಗೆ ಬೇಜಾರಾಗುತ್ತದೆ, ನಿಜ. ಅದಕ್ಕೆ ಉತ್ತರ ಕೊಡಲು ನನಗೆ ಗೊತ್ತಿರುವ ಒಂದೇ ದಾರಿ ಲೆಕ್ಕವನ್ನು ಬಯಲಲ್ಲಿ ಇಡುವುದು. ಮೂರು ತಿಂಗಳಿಗೊಮ್ಮೆ ಬಂದ ವಿದೇಶಿ ಹಣದ ವಿವರವನ್ನು ವೆಬ್‌ಸೈಟಿನಲ್ಲಿ ಹಾಕಬೇಕು ಎಂಬ ನಿಯಮ ಮೊದಲು ಇತ್ತು. 2022ರಲ್ಲಿ ಸರ್ಕಾರವೇ ಅದನ್ನು ತೆಗೆಯಿತು. ನಿಯಮ ಇಲ್ಲದಿದ್ದರೂ ನಾವು ಹಾಕಬೇಕು ಎಂಬುದು ನನ್ನ ವಾದ. ವೆಬ್‌ಸೈಟಿನಲ್ಲಿ ಮಾತ್ರ ಸಾಲದು, ಚರ್ಚಿನ ಗೇಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ, ಕನ್ನಡದಲ್ಲಿ. ಅಕ್ಕಿಗೆ ಎಷ್ಟು, ತರಕಾರಿಗೆ ಎಷ್ಟು, ಫೀಸಿಗೆ ಎಷ್ಟು. ರಸ್ತೆಯಲ್ಲಿ ಹೋಗುವವರು ನಿಂತು ಓದಲಿ. ಕೊಟ್ಟವರಿಗೆ ಮಾತ್ರ ವರದಿ ಕಳಿಸಿ ನಮ್ಮ ಊರಿಗೆ ಕಳಿಸದಿದ್ದರೆ ನಮ್ಮ ಕೆಲಸ ನಮ್ಮದೇ ಊರಿನಲ್ಲಿ ಯಾರಿಗೂ ಗೊತ್ತಿಲ್ಲದಂತೆ ಉಳಿಯುತ್ತದೆ.

ಹಣ ನಿಂತಾಗ ಒಂದು ಹಾಸ್ಟೆಲ್ ಏನಾಯಿತು ಎಂಬುದನ್ನು ನಾನು ಕಣ್ಣಾರೆ ನೋಡಿದೆ. ಮಕ್ಕಳು ವಾಪಸ್ ಬಂದರು, ಆದರೆ ಊಟದ ಖರ್ಚಿಗೆ ದಾರಿ ಇರಲಿಲ್ಲ. ಮುಚ್ಚುವ ಮಾತು ಬಂತು. ಆಗ ಬೆಳೆ ಹಬ್ಬದ ದಿನ ಏಲಂ ಹೊತ್ತಿಗೆ ಹಿರಿಯರೊಬ್ಬರು, ಈ ಸಲದ ಏಲಂ ದುಡ್ಡು ಹಾಸ್ಟೆಲಿಗೆ ಎಂದು ಮೈಕಿನಲ್ಲಿ ಹೇಳಿದರು. ಬೆಳೆ ಹಬ್ಬಕ್ಕೆ ಎಲ್ಲರೂ ತಮ್ಮ ಮನೆಯಲ್ಲಿ ಬೆಳೆದದ್ದು ತರುತ್ತಾರೆ. ಬಾಳೆಗೊನೆ, ತೆಂಗಿನಕಾಯಿ, ಕುಂಬಳ, ಊರಿನ ಕೋಳಿ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಆ ದಿನ ಒಂದೇ ಕುಂಬಳಕಾಯಿಯನ್ನು ಕೊಂಡವರು ಮತ್ತೆ ಕೊಟ್ಟು, ಅದು ಮತ್ತೆ ಮತ್ತೆ ಏಲಂ ಆಯಿತು. ದಿನಗೂಲಿಯ ಒಬ್ಬರು ಅದನ್ನು ಒಂದು ದಿನದ ಸಂಬಳಕ್ಕಿಂತ ಜಾಸ್ತಿ ಬೆಲೆಗೆ ಕೂಗಿದರು. ಕಾಯಿ ಮನೆಗೆ ಒಯ್ಯಲಿಲ್ಲ.

ಆಮೇಲೆ ತಿಂಗಳಿಗೊಂದು ದಿನದ ಊಟ ಎಂದು ಮನೆಗಳು ಹಂಚಿಕೊಂಡವು. ಮಗಳ ಮದುವೆ, ಹುಟ್ಟುಹಬ್ಬ, ತೀರಿಹೋದವರ ನೆನಪಿನ ದಿನ. ಚರ್ಚಿಗೆ ಬಾರದ ನೆರೆಯವರೂ ಅಕ್ಕಿ ಕಳಿಸಿದರು. ಎಲ್ಲ ಹಾಸ್ಟೆಲ್‌ಗಳಿಗೂ ಹೀಗಾಗಲಿಲ್ಲ. ಸಭೆಯೇ ಬಡವರದ್ದಾಗಿರುವ ಕಡೆ, ಸುತ್ತ ಅಂಥ ನೆರೆಯವರೂ ಇಲ್ಲದ ಕಡೆ, ಮಕ್ಕಳು ಮನೆಗೆ ಹೋದವರು ವಾಪಸ್ ಬರಲಿಲ್ಲ. ಅಲ್ಲಿ ವಿದೇಶದ ಸಹಾಯ ಇನ್ನೂ ಬೇಕು. ಅದನ್ನು ಅಹಂಕಾರದಿಂದ ಬೇಡ ಎನ್ನುವ ಹಕ್ಕು ನಮಗಿಲ್ಲ. ಹಣ ಬಂದರೆ ಜನ ಸೋಮಾರಿಯಾಗುತ್ತಾರೆ ಎಂದು ವಾದ ಮಾಡುವವರನ್ನು ಒಂದು ರಾತ್ರಿ ಆ ಮಕ್ಕಳ ಮನೆಯಲ್ಲಿ ಇರಿಸಬೇಕು ಅನ್ನಿಸುತ್ತದೆ ನನಗೆ.

ನಾವೂ ಜರ್ಮನಿಯ ಸಭೆಗೆ ಏನಾದರೂ ಕಳಿಸೋಣ ಎಂದು ಫೆಲೋಶಿಪ್‌ನ ಅಕ್ಕಂದಿರು ಒಂದಿಷ್ಟು ದುಡ್ಡು ಕೂಡಿಸಿದ್ದರು. ಆದರೆ ಇಲ್ಲಿನ ಧರ್ಮಾರ್ಥ ಸಂಸ್ಥೆಯ ಹಣವನ್ನು ದೇಶದ ಹೊರಗೆ ಖರ್ಚು ಮಾಡಿದರೆ ಆದಾಯ ತೆರಿಗೆಯ ವಿನಾಯಿತಿಗೆ ತೊಂದರೆ. ಅದಕ್ಕೆ ಮೊದಲೇ ವಿಶೇಷ ಅನುಮತಿ ಬೇಕು. ಆಡಿಟರ್ ಬೇಡವೇ ಬೇಡ ಎಂದರು. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ಆ ದುಡ್ಡು ಅಲ್ಲಿಗೆ ಹೋಯಿತು. ಕೃಷ್ಣಾ, ಮಲಪ್ರಭಾ ತೀರದ ಊರುಗಳಲ್ಲಿ ಮನೆ ಕಳಕೊಂಡವರಿಗೆ ಕಂಬಳಿ, ಪಾತ್ರೆ ಕೊಂಡರು. ಆ ವಿಷಯವನ್ನು ಜರ್ಮನಿಗೆ ಬರೆದಾಗ ಅಲ್ಲಿಂದ ಬಂದ ಉತ್ತರದಲ್ಲಿ ತುಂಬ ಸಂತೋಷವಿತ್ತು. ನಾವು ಕೊಟ್ಟದ್ದು ನಿಮ್ಮಲ್ಲೇ ನಿಲ್ಲದೆ ಮುಂದೆ ಹೋಯಿತಲ್ಲ, ಅದೇ ಸಾಕು ಎಂದು ಬರೆದಿದ್ದರು.

ಇನ್ನು ಮುಂದೆ ಆ ಕಡೆಯೂ ಹಣ ಕಡಿಮೆಯಾಗುತ್ತದೆ. ಜರ್ಮನಿಯಲ್ಲಿ ಸಭೆಯ ಸದಸ್ಯರು ಆದಾಯ ತೆರಿಗೆಯ ಜೊತೆ ಸಭೆಯ ತೆರಿಗೆಯನ್ನೂ ಕಟ್ಟುತ್ತಾರೆ. ವುರ್ಟೆಂಬರ್ಗ್ ಕಡೆ ಅದು ಆದಾಯ ತೆರಿಗೆಯ ಶೇ. 8. ಸದಸ್ಯತ್ವ ಬಿಟ್ಟವರು ಅದನ್ನು ಕಟ್ಟಬೇಕಿಲ್ಲ. ವರ್ಷಕ್ಕೆ ಲಕ್ಷಾಂತರ ಜನ ಬಿಡುತ್ತಿದ್ದಾರೆ. 2022ರಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎರಡೂ ಸೇರಿ ಸದಸ್ಯರ ಸಂಖ್ಯೆ ದೇಶದ ಜನಸಂಖ್ಯೆಯ ಅರ್ಧಕ್ಕಿಂತ ಕೆಳಗೆ ಬಂತು. ನಮ್ಮ ಕೆಲವು ಕಮಿಟಿಗಳು ಇದನ್ನು ಇನ್ನೂ ಲೆಕ್ಕಕ್ಕೆ ತಗೊಂಡಿಲ್ಲ. ಹೊಸ ಕಟ್ಟಡಕ್ಕೆ ಅರ್ಜಿ ಬರೆಯುತ್ತಲೇ ಇವೆ. ಕಟ್ಟಡಕ್ಕೆ ಹಣ ಸಿಗುತ್ತದೆ, ಹತ್ತು ವರ್ಷದ ಮೇಲೆ ಸೋರುವ ಮಾಡಿಗೆ ಯಾರೂ ಕೊಡುವುದಿಲ್ಲ. ಇವತ್ತು ನಮಗೆ ಬೇಕಾದ್ದು ಇನ್ನೊಂದು ಹಾಲ್ ಅಲ್ಲ, ಇರುವುದನ್ನು ಉಳಿಸಿಕೊಳ್ಳುವ ನಮ್ಮದೇ ನಿಧಿ.

ಇನ್ನೊಂದು ಕಡೆ ನಮ್ಮ ಮಕ್ಕಳೇ ಅಲ್ಲಿಗೆ ಹೋಗುತ್ತಿದ್ದಾರೆ. ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ನರ್ಸಿಂಗ್ ಓದಿದ ಹುಡುಗಿಯರು ಜರ್ಮನ್ ಕಲಿತು ಅಲ್ಲಿನ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಕೆಲಸಕ್ಕಿದ್ದಾರೆ. ನಮ್ಮ ಸಭೆಯ ಹುಡುಗಿಯೊಬ್ಬಳು ಸ್ಟುಟ್‌ಗಾರ್ಟ್ ಹತ್ತಿರ ಇದ್ದಾಳೆ. ಮೊದಲ ಚಳಿಗಾಲದಲ್ಲಿ ಫೋನಿನಲ್ಲಿ ಅತ್ತವಳನ್ನು ನಂಟಿನ ಸಭೆಯ ಒಂದು ವಯಸ್ಸಾದ ದಂಪತಿ ಕಾರಿನಲ್ಲಿ ಬಂದು ಮನೆಗೆ ಕರೆದುಕೊಂಡು ಹೋದರು. ಈಗ ಆ ಅಜ್ಜನಿಗೆ ಮಂಡಿಯ ಆಪರೇಷನ್ ಆದಾಗ ರಜೆಯ ದಿನಗಳಲ್ಲಿ ನೋಡಿಕೊಂಡವಳು ಅವಳೇ. ಇದಕ್ಕೆ ಪ್ರಾಜೆಕ್ಟ್ ನಂಬರ್ ಇಲ್ಲ, ಯಾವ ವರದಿಯಲ್ಲೂ ಇದು ಬರುವುದಿಲ್ಲ. ನನ್ನ ಪ್ರಕಾರ ಎರಡು ಸಭೆಗಳ ನಡುವೆ ಈ ವರ್ಷಗಳಲ್ಲಿ ನಡೆದದ್ದರಲ್ಲಿ ಇದೇ ಬಹಳ ದೊಡ್ಡದು.

ಬರುವ ವರ್ಷ ಇಲ್ಲಿಂದ ಒಂದು ತಂಡ ಅಲ್ಲಿಗೆ ಹೋಗಬೇಕು ಎಂಬ ಮಾತು ನಡೆಯುತ್ತಿದೆ. ಯಾವಾಗಲೂ ಹೋಗುವವರು ಸಭಾಪಾಲಕರು, ಕಾರ್ಯದರ್ಶಿ, ಖಜಾಂಚಿ, ಇಂಗ್ಲಿಷ್ ಬಲ್ಲ ಒಬ್ಬರು. ಈ ಸಲ ಮೀನು ಮಾರುಕಟ್ಟೆಯ ಪಕ್ಕದ ಅಂಗಡಿಯ ಅಕ್ಕನೂ, ಹಾಸ್ಟೆಲಿನ ಅಡುಗೆಯವರೂ ಹೋಗಬೇಕು ಎಂದು ನಾನು ಬರೆದು ಕೊಟ್ಟಿದ್ದೇನೆ. ಅವರಿಗೆ ಪಾಸ್‌ಪೋರ್ಟ್ ಇಲ್ಲ ಎಂದು ಕಮಿಟಿಯಲ್ಲಿ ಒಬ್ಬರು ಹೇಳಿದರು. ಅರ್ಜಿ ತುಂಬಿಸುವ ಕೆಲಸ ನಾನು ತಗೊಂಡಿದ್ದೇನೆ. ಟಿಕೆಟ್ಟಿನ ಅರ್ಧ ಖರ್ಚನ್ನು ನಮ್ಮ ಸಭೆಯೇ ಹಾಕಬೇಕು ಎಂಬ ವಿಷಯ ಮುಂದಿನ ಭಾನುವಾರದ ಮೀಟಿಂಗಿಗೆ ಇದೆ.